ಸೌದೆ ಒಟ್ಟುವ ವಿಚಾರ



ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಬಾನುಲಿಯ ಮುಂದೆ ಬಂದು ಕುಳಿತರೆ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತನಾಡುವನೆಂದು ನೀವು ನಿರೀಕ್ಷಿಸುವುದು ಸಹಜ. ಆದರೆ ಈ ಹೊತ್ತು ನಾನು ಆರಿಸಿಕೊಂಡಿರುವ ವಿಷಯ ಸೌದೆ. ಸೌದೆಯನ್ನು ಹೇಗೆ ಒಡೆಯಬೇಕು, ಹೇಗೆ ಉರಿಸಬೇಕು ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಉರಿಸುವವರೆಗೆ ಅದನ್ನು ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದಷ್ಟೇ ನನ್ನ ಮಾತು. ವಿಷಯ ಬಹಳ ಸಣ್ಣದೆಂದು ನಿಮಗೆ ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಅದು ಅಷ್ಟು ಸಣ್ಣದಲ್ಲವೆಂದು ತಿಳಿಯುವುದಕ್ಕೆ ನಾನು ಒಂದು ಬೆಲೆಯನ್ನು ತೆರಬೇಕಾಯಿತು. ಅದೇ ಬೆಲೆಯನ್ನು ನೀವೂ ತೆರುವುದು ಬೇಡವೆಂಬ ಕಾರಣಕ್ಕೆ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಕನ್ನಡ ಮೇಷ್ಟರ ಚಾಳಿ ಸುಲಭವಾಗಿ ಹೋಗುವುದಿಲ್ಲ. ಆದುದರಿಂದ ಮೊದಲು ಶಬ್ದದ ಮಾತು. ನಮ್ಮ ಮೈಸೂರು ಸೀಮೆಯಲ್ಲಿ ಸೌದೆ ಎನ್ನುವುದನ್ನು ಧಾರವಾಡದ ಕಡೆಯವರು ಕಟ್ಟಿಗೆ ಎನ್ನುತ್ತಾರೆ. ಬರೆಹದಲ್ಲಿ ಅದು ಉರುವಲು; ಹೋಮಕ್ಕೆ ಹಾಕಿದರೆ ಸಮಿತ್ತು. ಮಕ್ಕಳು ಮರದಡಿಯಲ್ಲಿ ಆಯ್ದು ತರುವ ಒಣಕಡ್ಡಿ ಪುರಳೆ, ಕೊಡಲಿಗೆ ಬಗ್ಗದ ದಪ್ಪ ತುಂಡು ಕೊರಡು, ಒಡೆದು ಹಸನು ಮಾಡಿದ್ದು ಸೀಳು. ಇಷ್ಟೆಲ್ಲ ಹೆಸರುಗಳನ್ನಿಟ್ಟ ನಮ್ಮ ಜನ, ಮನೆಯ ಇತರ ವಸ್ತುಗಳಿಗೆ ಒಂದೊಂದು ನೆಲೆಯನ್ನೂ ಆ ನೆಲೆಗೊಂದು ಹೆಸರನ್ನೂ ಕೊಟ್ಟರು. ಧಾನ್ಯಕ್ಕೆ ಕಣಜ, ರಾಗಿಗೆ ಹಗೇವು, ಹುಲ್ಲಿಗೆ ಮೆದೆ, ದನಕ್ಕೆ ಕೊಟ್ಟಿಗೆ, ಗೊಬ್ಬರಕ್ಕೆ ತಿಪ್ಪೆ. ಸೌದೆಗೆ ಮಾತ್ರ, ಸೌದೆಮನೆ ಕಟ್ಟಿಸಿಕೊಂಡಿದ್ದ ಕೆಲವು ಸ್ಥಿತಿವಂತರನ್ನು ಬಿಟ್ಟರೆ, ಉಳಿದವರಲ್ಲಿ ನೆಲೆ ಇಲ್ಲ. ಗಾಡಿ ಬಂದು ನಿಂತಾಗ ‘ಎಲ್ಲಿ ಹಾಕಲಿ?’ ಎಂದು ಆಳು ಕೇಳಿದರೆ, ‘ಅಲ್ಲೇ ಗೋಡೆ ಪಕ್ಕ ಹಾಕು’ ಎಂಬುದೇ ಉತ್ತರ. ಈ ಉತ್ತರದ ತಪ್ಪನ್ನು ಕುರಿತೇ ನನ್ನ ಇಂದಿನ ಭಾಷಣ.

ನನ್ನ ಊರು ಮದ್ದೂರಿಗೆ ಸಮೀಪದ ವೈದ್ಯನಾಥಪುರ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ, ಕುಣಿಗಲ್ ಸೀಮೆಯನ್ನು ಹಾದು, ಮುಂದೆ ಮಳವಳ್ಳಿಯ ಕಡೆಗೆ ಹರಿದು ಕಾವೇರಿಯನ್ನು ಸೇರುವ ಶಿಂಷಾ ನದಿಯ ದಡದಲ್ಲಿರುವ ಊರು. ಊರ ದೇವರು ವೈದ್ಯನಾಥೇಶ್ವರ. ವೈದ್ಯರಿಗೆಲ್ಲ ಒಡೆಯನಾದವನು ಎಂದು ಅರ್ಥ. ಹೊಳೆ, ನಾಲೆ, ತೆಂಗು, ಕಬ್ಬು, ಹಿಪ್ಪುನೇರಳೆ, ಇವುಗಳ ನಡುವೆ ಬೆಳೆದವರಿಗೆ ಉರುವಲಿನ ಬರ ಅಷ್ಟಾಗಿ ತಟ್ಟಲಿಲ್ಲವೆಂದೇ ಹೇಳಬೇಕು. ಎಳನೀರಿನ ಮಾರುಕಟ್ಟೆಗೆ ಹೆಸರಾದ ಮದ್ದೂರಿನ ಸುತ್ತಮುತ್ತ ತೆಂಗಿನ ಗರಿ, ಮಟ್ಟೆ, ಕರಟಗಳಿಗೆ ಕೊರತೆಯೆಲ್ಲಿಯದು? ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ, ಬದುವಿನ ಜಾಲಿ, ಹೊಂಗೆ, ಅಪರೂಪಕ್ಕೆ ಒಂದು ಹುಣಸೆಮರ. ಈಗ ನಮ್ಮೂರಿನ ಅಡಿಗೆಮನೆಗಳಿಗೆ ಅನಿಲ ಬಂದಿದೆ. 2016ರಲ್ಲಿ ಉಜ್ವಲಾ ಯೋಜನೆ ಪ್ರಾರಂಭವಾದ ಮೇಲೆ ಬಡವರ ಮನೆಗಳನ್ನೂ ಅದು ತಲುಪಿದೆ. ಹಾಗೆಂದು ಸೌದೆ ಹೋಗಿದೆಯೆ? ಹೋಗಿಲ್ಲ. ಬಚ್ಚಲ ಹಂಡೆಯ ಕೆಳಗೆ ಅದು ಈಗಲೂ ಉರಿಯುತ್ತಿದೆ. ಹಬ್ಬದ ಅಡಿಗೆಗೆ, ಮದುವೆಯ ಕೊಪ್ಪರಿಗೆಗೆ, ರಾಗಿಮುದ್ದೆಯ ದೊಡ್ಡ ತಪ್ಪಲೆಗೆ, ಸಿಲಿಂಡರು ಮುಗಿದ ದಿನಕ್ಕೆ ಸೌದೆಯೇ ಗತಿ. ಒಲೆ ಬದಲಾಯಿತು, ಹಿತ್ತಿಲಿನ ಸೌದೆಯ ಒಟ್ಟಿಲು ಮಾತ್ರ ಹಾಗೆಯೇ ಉಳಿಯಿತು.

ನನ್ನ ಬಾಲ್ಯದ ಮನೆಯಲ್ಲಿ ಸೌದೆಯ ವ್ಯವಸ್ಥೆ ಹೀಗಿತ್ತು. ಅಡಿಗೆಯ ಒಲೆಯ ಮೇಲ್ಗಡೆ ಒಂದು ಅಟ್ಟ. ಒಂದು ವಾರಕ್ಕೆ ಬೇಕಾದ ಸೌದೆ ಆ ಅಟ್ಟದ ಮೇಲೆ. ಅದಕ್ಕೆ ಹಗಲೂ ಇರುಳೂ ಹೊಗೆಯ ಧೂಪ. ಕೆಳಗಿನ ಬಿಸಿಗೆ ಅದರ ಪಸೆ ಆರುತ್ತಿತ್ತು. ಹೊಗೆಗೆ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಅಟ್ಟ, ತೊಲೆ, ಜಂತೆಗಳೆಲ್ಲ ಮಸಿ ಹಿಡಿದು ಕಪ್ಪಗಾಗಿದ್ದವು. ಆ ಮಸಿಯೇ ಅವುಗಳಿಗೆ ಕಾವಲು. ಉಳಿದ ಸೌದೆ ಹಿತ್ತಿಲಿನಲ್ಲಿ, ಗೋಡೆಗೆ ಆನಿಸಿಕೊಂಡೇ ಇರುತ್ತಿತ್ತು. ಆದರೆ ಅದು ಅಲ್ಲಿ ಬಹಳ ದಿನ ನಿಲ್ಲುತ್ತಿರಲಿಲ್ಲ. ಹನ್ನೆರಡು ಜನರ ಮನೆ. ದಿನಕ್ಕೆ ಮೂರು ಹೊತ್ತು ಒಲೆ. ಇಂದು ಬಂದ ಹೊರೆ ಮುಂದಿನ ತಿಂಗಳಿಗೆ ಬೂದಿ. ಗೆದ್ದಲಿಗೆ ಸಂಸಾರ ಹೂಡುವುದಕ್ಕೆ ನಾವು ಬಿಡುವು ಕೊಡುತ್ತಿರಲಿಲ್ಲ.

ಹಳೆಯದೆಲ್ಲ ಚೆನ್ನವೆಂದು ನಾನು ಹೇಳುತ್ತಿಲ್ಲ. ಹುಳುವನ್ನು ಓಡಿಸುತ್ತಿದ್ದ ಆ ಹೊಗೆಯೇ ನಮ್ಮ ತಾಯಂದಿರ ಕಣ್ಣನ್ನೂ ಎದೆಯನ್ನೂ ತಿಂದಿತು. ಅದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ಅಸ್ತ್ರ ಎಂಬ ವಿಭಾಗದವರು, ನಮ್ಮ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವನ್ನು ಮಾಡಿಕೊಂಡು, ಹಳ್ಳಿಯವರ ಉರುವಲಿನ ಬವಣೆಯನ್ನು ಅಭ್ಯಾಸಮಾಡಿ, ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಹೊಗೆ ಮನೆಯಿಂದ ಹೊರಗೆ ಹೋದುದು ಪುಣ್ಯದ ಕೆಲಸ. ಆಮೇಲೆ ಅನಿಲ ಬಂದುದು ಇನ್ನೂ ದೊಡ್ಡ ಪುಣ್ಯ. ಆದರೆ ಹೊಗೆಯ ಜೊತೆಗೆ ಮನೆಯ ಕಾವಲೂ ಹೋಯಿತೆಂಬುದನ್ನು ನಾವು ಗಮನಿಸಲಿಲ್ಲ. ಅಷ್ಟೇ ಅಲ್ಲ, ತಿಂಗಳಲ್ಲಿ ಕರಗುತ್ತಿದ್ದ ಒಟ್ಟಿಲು ಈಗ ವರ್ಷಗಟ್ಟಲೆ ಅಲುಗದೆ ಕೂರುತ್ತದೆ. ಹಂಡೆಗೆ ಎಷ್ಟು ಬೇಕು? ಮೇಲಿನ ನಾಲ್ಕು ಸೀಳು ತೆಗೆಯುತ್ತೇವೆ. ಅಡಿಯದು ಅಡಿಯಲ್ಲೇ ಇರುತ್ತದೆ. ಹೊಸ ಹೊರೆ ಬಂದರೆ ಅದರ ಮೇಲೆಯೇ ಹಾಕುತ್ತೇವೆ. ಅಲುಗದ ಸೌದೆ ಇತರರ ಮನೆ.

ಆ ಇತರರು ಯಾರೆಂಬುದು ನನಗೆ ಒಂಬತ್ತು ವರ್ಷದವನಾಗಿದ್ದಾಗಲೇ ತಿಳಿಯಬೇಕಾಗಿತ್ತು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ಬಂಧುವಲ್ಲದಿದ್ದರೂ ನಾವೆಲ್ಲ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ಒಂದು ಮಳೆಗಾಲದ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಅವರು ಹಿತ್ತಿಲಿನ ಒಟ್ಟಿಲಿನಿಂದ ಸೌದೆ ಎಳೆದುಕೊಂಡರು. ಬೆರಳಿಗೆ ಏನೋ ಗೀರಿದಂತಾಯಿತು. ಜಾಲಿಮುಳ್ಳೆಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡು, ಅದೇ ಸೌದೆಯಲ್ಲಿ ಮುದ್ದೆ ಬೇಯಿಸಿ ಎಲ್ಲರಿಗೂ ಬಡಿಸಿದರು. ನೋವಿಲ್ಲ, ಊತವಿಲ್ಲ. ನಡುರಾತ್ರಿ ಹೊಟ್ಟೆನೋವೆಂದು ಎದ್ದರು. ಆಮೇಲೆ ರೆಪ್ಪೆ ಎತ್ತಲಾಗಲಿಲ್ಲ, ಮಾತು ತೊದಲಿತು. ಮಂತ್ರ ಹಾಕುವವರನ್ನು ಕರೆತಂದರು. ಬೆಳಗಾಗುವುದರೊಳಗೆ ದೊಡ್ಡವ್ವನ ಉಸಿರು ನಿಂತಿತು. ಮರುದಿನ ಒಟ್ಟಿಲನ್ನು ಕೆಡವಿದಾಗ ಕಪ್ಪು ಮೈಯ ಮೇಲೆ ಬಿಳಿಯ ಅಡ್ಡಗೆರೆಗಳುಳ್ಳ ಹಾವು ಸಿಕ್ಕಿತು. ಕಟ್ಟುಹಾವು. ರಾತ್ರಿ ಸಂಚರಿಸುವ ಈ ಹಾವಿನ ಕಡಿತ ಅನೇಕ ವೇಳೆ ಸೂಜಿ ಚುಚ್ಚಿದಷ್ಟೂ ನೋಯುವುದಿಲ್ಲ. ವಿಷ ನರಗಳನ್ನು ಹಿಡಿದು ಉಸಿರಾಟವನ್ನು ನಿಲ್ಲಿಸುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಆ ದಿನದಿಂದ ನಮ್ಮ ತಾಯಿ, ಹಿತ್ತಿಲಿಗೆ ಹೋಗುವ ಪ್ರತಿಯೊಬ್ಬ ಮಗುವಿಗೂ, ‘ಮೊದ್ಲು ಕೋಲಿಂದ ತಟ್ಟು, ಆಮೇಕೆ ಸೌದೆ ಮುಟ್ಟು ಮಗ’ ಎಂದು ಹೇಳದೆ ಬಿಡುತ್ತಿರಲಿಲ್ಲ.

ಇಷ್ಟನ್ನು ಕಂಡವನು ನಾನು. ಆದರೂ 2018ರಲ್ಲಿ ನಿವೃತ್ತನಾಗಿ ಊರಿಗೆ ಹಿಂದಿರುಗಿ, ಹಳೆಯ ಮನೆಯ ಹಿಂದಿನ ಕೋಣೆಯನ್ನು ಓದುವ ಕೋಣೆಯಾಗಿ ಮಾಡಿಕೊಂಡಾಗ, ಮಾಡಬಾರದ ಕೆಲಸವನ್ನೇ ಮಾಡಿದೆ. ಮರುವರ್ಷದ ಗಾಳಿಯಲ್ಲಿ ಹೊಲದ ಹುಣಸೆಮರವೊಂದು ಉರುಳಿತು. ಒಡೆಸಿದರೆ ಎರಡು ಗಾಡಿ ಸೌದೆ. ಆಳು ವಾಡಿಕೆಯ ಪ್ರಶ್ನೆ ಕೇಳಿದ. ನಾನು ವಾಡಿಕೆಯ ಉತ್ತರ ಕೊಟ್ಟೆ. ಸೌದೆ ನನ್ನ ಓದುವ ಕೋಣೆಯ ಹಿಂದಿನ ಗೋಡೆಗೆ, ಸೂರಿನ ಕೆಳಗೆ, ಬರಿಯ ನೆಲದ ಮೇಲೆ, ಕಿಟಕಿಯ ಎತ್ತರಕ್ಕೆ ನಿಂತಿತು. ಮಳೆ ಬಾರದಂತೆ ಮೇಲಿನಿಂದ ಬುಡದವರೆಗೆ ಒಂದು ಪ್ಲಾಸ್ಟಿಕ್ ಹೊದಿಕೆಯನ್ನೂ ಸುತ್ತಿಸಿದೆ. ಮಾಡಿದ ಕೆಲಸ ಅಚ್ಚುಕಟ್ಟಾಗಿದೆಯೆಂಬ ಸಮಾಧಾನವೂ ಆಯಿತು.

2021ರ ಅಕ್ಟೋಬರಿನ ಮಳೆ ನಿಂತ ಮೇಲೆ ಒಂದು ಪುಸ್ತಕ ಬೇಕಾಗಿ ಬೀರುವಿನ ಕೆಳಗಿನ ಹಲಗೆಗೆ ಕೈ ಹಾಕಿದೆ. ಹೊರಗಿನಿಂದ ಪುಸ್ತಕಗಳ ಬೆನ್ನು ಸಾಲಾಗಿ ನೆಟ್ಟಗೆ ನಿಂತಿದ್ದವು. ಎಳೆದರೆ ಕೈಗೆ ಬಂದುದು ಬೆನ್ನು ಮಾತ್ರ. ಒಳಗೆ ಒದ್ದೆ ಮಣ್ಣು. ಬೀರುವನ್ನು ಸರಿಸಿದಾಗ ಗೋಡೆಯ ಬುಡದ ಬಿರುಕಿನಿಂದ ಹೊರಟು ಬೀರುವಿನ ಹಿಂಬದಿಗೆ ಏರಿದ, ಬೆರಳಿನ ಗಾತ್ರವೂ ಇಲ್ಲದ ಮಣ್ಣಿನ ಗೆರೆಯೊಂದು ಕಂಡಿತು. ನನ್ನ ಪಾಠದ ಟಿಪ್ಪಣಿಗಳು ಹೋದವು. ಅದರಿಂದ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ. ಅಚ್ಚಾದ ಪುಸ್ತಕಗಳು ಹೋದವು. ಅವು ಬೇರೆ ಕಡೆ ಸಿಕ್ಕಿಯಾವು. ಆದರೆ ಅದೇ ಹಲಗೆಯ ಮೇಲೆ ನಮ್ಮ ತಂದೆಯವರ ಕೈಬರೆಹದ ಜೈಮಿನಿ ಭಾರತವಿತ್ತು. ನಾಲ್ಕನೆಯ ತರಗತಿಯವರೆಗೆ ಓದಿದ ರೈತ, ಎರವಲು ತಂದ ಪ್ರತಿಯನ್ನು ನೋಡಿಕೊಂಡು, ಉಳುಮೆ ಇಲ್ಲದ ದಿನಗಳಲ್ಲಿ ಲೆಕ್ಕದ ಪುಸ್ತಕಗಳ ಮೇಲೆ ದುಂಡಗೆ ಬರೆದುಕೊಂಡದ್ದು. ಲಕ್ಷ್ಮೀಶನನ್ನು ನಾನು ಮೊದಲು ಕೇಳಿದ್ದು ಆ ಪ್ರತಿಯಿಂದ. ನಾನು ಕನ್ನಡ ಎಂ.ಎ. ಓದುವುದಕ್ಕೆ ಮೂಲವೂ ಅದೇ. ಮೂರು ಪುಸ್ತಕಗಳಲ್ಲಿ ಎರಡು ಪೂರ್ತಿ ಮಣ್ಣಾಗಿದ್ದವು. ಮೂರನೆಯದರಲ್ಲಿ ನಡುವಿನ ಕೆಲವು ಹಾಳೆಗಳು ಉಳಿದಿದ್ದವು.

ಗೆದ್ದಲನ್ನು ನಾನು ಬಯ್ಯಲಿಲ್ಲ. ಮರದಲ್ಲಿಯೂ ಕಾಗದದಲ್ಲಿಯೂ ಇರುವ ನಾರು ಒಂದೇ. ಪುಸ್ತಕಕ್ಕೂ ಸೌದೆಗೂ ಅದು ಭೇದವೆಣಿಸದು. ಒಂದು ರಾಶಿ ಆಹಾರವನ್ನು ಅದರ ನೆಲದ ಮೇಲೆ ಸುರಿದು, ತೇವ ಆರದಂತೆ ಹೊದಿಕೆ ಹೊದಿಸಿ, ಮುಂದಿನ ಊಟಕ್ಕೆ ನನ್ನ ಗೋಡೆಯನ್ನೇ ದಾರಿಯಾಗಿ ತೋರಿಸಿದವನು ನಾನು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆಗಳಲ್ಲಿ ಓಲೆಗರಿಗಳಿಗೆ ಹುಲ್ಲಿನೆಣ್ಣೆ ಸವರಿ ಕಾಪಾಡುವುದನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದ ನನಗೆ, ಸ್ವಂತ ಮನೆಯ ಗೋಡೆಯ ಆಚೆ ಏನಿದೆಯೆಂಬ ವಿವೇಚನೆ ಇಲ್ಲದೆಹೋಯಿತು.

ಮರುದಿನ ಒಟ್ಟಿಲನ್ನು ಕೆಡವಿಸಿದೆ. ಬಂದಾತ ಬೆಳಗಿನ ಹೊತ್ತಿನಲ್ಲಿ, ಉದ್ದನೆಯ ಕೊಕ್ಕೆಯಿಂದ ಒಂದೊಂದೇ ಸೀಳನ್ನು ಎಳೆದು ಬಯಲಿಗೆ ಹಾಕುತ್ತ ಬಂದ. ಮೇಲಿನ ವರಸೆಯಲ್ಲಿ ಜೇಡ, ಜಿರಲೆ, ಮತ್ತು ಸೀಳುಗಳಿಂದ ಹಿಟ್ಟಿನಂತೆ ಉದುರುವ ಪುಡಿ. ಅದು ಕುಟ್ಟೆಹುಳುವಿನ ಕೆಲಸ. ಗೆದ್ದಲಿಗೆ ತೇವ ಬೇಕು, ಕುಟ್ಟೆಹುಳುವಿಗೆ ಅದೂ ಬೇಡ. ಒಣಮರದಲ್ಲಿಯೇ ಹುಟ್ಟಿ, ತೂತು ಕೊರೆದು ಹಾರಿ, ಮನೆಯ ಬಿದಿರುಗಳಕ್ಕೂ ಪೀಠೋಪಕರಣಕ್ಕೂ ಅದು ಹತ್ತಬಲ್ಲದು. ನಡುವಿನ ವರಸೆಯಲ್ಲಿ, ಸಡಿಲಗೊಂಡ ತೊಗಟೆಗಳ ಕೆಳಗೆ ಜರಿಗಳು, ನಾಲ್ಕಾರು ಚೇಳುಗಳು. ಅದರ ಕೆಳಗೆ ಚಿಂದಿಬಟ್ಟೆ, ತೆಂಗಿನ ನಾರುಗಳಿಂದ ಮಾಡಿದ ಇಲಿಯ ಗೂಡು, ಮರಿಗಳ ಸಹಿತ. ಕೆಳಗಿನ ವರಸೆ ಕೊಕ್ಕೆಗೆ ಸಿಕ್ಕಲೇ ಇಲ್ಲ, ಮುರಿದು ಮಣ್ಣಾಗಿತ್ತು. ಆ ಮಣ್ಣಿನ ಪಕ್ಕದ ಪೊಟರೆಯಲ್ಲಿ ಸುತ್ತಿಕೊಂಡು ಮಲಗಿತ್ತು ಒಂದು ಕಟ್ಟುಹಾವು. ಆತ ಕೊಕ್ಕೆಯನ್ನು ಊರಿ ನಿಂತು, ‘ಮೇಷ್ಟ್ರೇ, ಇದು ಸೌದೆ ಒಟ್ಟಲ್ಲ, ಒಂದು ಊರೇ ಐತೆ ಇಲ್ಲಿ’ ಎಂದ. ಹಾವು ಹಿಡಿಯಬಲ್ಲ ಯುವಕನನ್ನು ಕರೆಸಿ ಅದನ್ನು ದೂರ ಸಾಗಿಸಿದೆವು. ನನ್ನ ಮೊಮ್ಮಗಳು ರಜದಲ್ಲಿ ಬಂದಾಗ ಚಾಪೆ ಹಾಸಿಕೊಂಡು ಮಲಗುತ್ತಿದ್ದುದು ಆ ಗೋಡೆಯ ಈಚೆ ಬದಿಯಲ್ಲಿ. ನಡುವೆ ಇದ್ದುದು ಒಂದು ತೆರೆದ ಕಿಟಕಿ.

ಆತ ಹೇಳಿದ ಮಾತು ನಿಜವಾಗಿಯೂ ಒಂದು ಶಾಸ್ತ್ರವನ್ನು ಹೇಳುತ್ತದೆ. ಊರು ಕಟ್ಟುವುದಕ್ಕೊಂದು ಕ್ರಮವಿದೆ. ಮೊದಲು ಬರುವುದು ತೇವ. ತೇವದ ಹಿಂದೆ ಗೆದ್ದಲು. ಗೆದ್ದಲು ಮತ್ತು ಸಣ್ಣ ಹುಳುಗಳನ್ನು ತಿನ್ನಲು ಚೇಳು, ಹಲ್ಲಿ, ಕಪ್ಪೆ. ಮರೆಯನ್ನು ಬಯಸಿ ಇಲಿ. ಇಲಿ ಕಪ್ಪೆಗಳನ್ನು ಅರಸಿ ಹಾವು. ಕಟ್ಟುಹಾವಿಗಂತೂ ಇತರ ಹಾವುಗಳೂ ಆಹಾರವೇ. ಗೆದ್ದಲು ಕಟ್ಟಿದ ಹುತ್ತವನ್ನು ಹಾವು ಸೇರಿತೆಂಬ ನಮ್ಮ ನಾಡಿನ ಹಳೆಯ ಮಾತು ಈ ಕ್ರಮಕ್ಕೆ ಒಪ್ಪುವಂಥದೇ. ಹಾವಿನ ಭಯದಿಂದ ನಾವು ಕೊನೆಯ ಅತಿಥಿಯನ್ನು ಹೊಡೆಯಲು ಹೊರಡುತ್ತೇವೆ. ತಡೆಯಬೇಕಾದುದು ಮೊದಲನೆಯ ಅತಿಥಿಯನ್ನು.

ಹಾಗಾದರೆ ಸೌದೆಯನ್ನು ಇಡುವುದು ಹೇಗೆ? ಉತ್ತರಕ್ಕಾಗಿ ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಕಣದಲ್ಲಿಯೇ ಹುಲ್ಲಿನ ಮೆದೆ ಇತ್ತು. ಮೆದೆ ಹಾಕುವ ರೈತ ಮೊದಲು ನೆಲದ ಮೇಲೆ ಕಲ್ಲು ಹಾಸುತ್ತಾನೆ, ಇಲ್ಲವೆ ಕೊರಡು ಹಾಸುತ್ತಾನೆ. ಮನೆಯಿಂದ ದೂರದಲ್ಲಿ, ನೀರು ನಿಲ್ಲದ ದಿಣ್ಣೆಯ ಮೇಲೆ ಹಾಕುತ್ತಾನೆ. ನೆತ್ತಿಯನ್ನು ಮಳೆ ಜಾರುವಂತೆ ಮಾಡುತ್ತಾನೆ. ಬದಿಗಳನ್ನು ಗಾಳಿಗೆ ಬಿಡುತ್ತಾನೆ. ದನದ ಮೇವಿಗೆ ಇಷ್ಟು ಎಚ್ಚರ ತೋರುವ ನಾವು ಸೌದೆಗೂ ಅದನ್ನೇ ತೋರಿದರೆ ಸಾಕು.

ಹೀಗೆ ಮಾಡಿದೆ. ಮನೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ಬಿಸಿಲು ಬೀಳುವ ಎಡೆಯಲ್ಲಿ, ಬೇಲಿಗೆ ಉಪಯೋಗಿಸುವ ಕಲ್ಲುಕೂಚಗಳ ತುಂಡುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅಡ್ಡಲಾಗಿ ಉದ್ದನೆಯ ಕೂಚಗಳನ್ನು ಮಲಗಿಸಿದೆ. ನೆಲಕ್ಕೂ ಸೌದೆಗೂ ನಡುವೆ ಒಂದೂವರೆ ಅಡಿ ಬಯಲು. ಕಲ್ಲಿನ ಮೇಲೆ ಗೆದ್ದಲು ಏರುವುದಿಲ್ಲವೆಂದು ತಿಳಿಯಬೇಡಿ, ಏರುತ್ತದೆ. ಅದರ ಮೈ ಮೃದು, ಬಯಲ ಗಾಳಿಗೆ ಒಣಗಿ ಸಾಯುತ್ತದೆ; ಆದುದರಿಂದ ಮಣ್ಣಿನ ಸುರಂಗವನ್ನು ಕಟ್ಟಿಕೊಂಡೇ ಏರಬೇಕು. ಸೌದೆ ನೆಲದ ಮೇಲಿದ್ದರೆ ಆ ಸುರಂಗ ನಮ್ಮ ಕಣ್ಣಿಗೆ ಬೀಳದು. ಕಲ್ಲಿನ ಕಾಲಿದ್ದರೆ ಬೀಳುತ್ತದೆ. ವಾರಕ್ಕೊಮ್ಮೆ ಬಗ್ಗಿ ನೋಡಿ, ಗೆರೆ ಕಂಡರೆ ಕಡ್ಡಿಯಿಂದ ಕೆರೆದು ಹಾಕಿದರಾಯಿತು. ಮೇಲೆ ಇಳಿಜಾರಾಗಿ ತಗಡು ಹೊದಿಸಿದೆ. ನಾಲ್ಕು ಬದಿಗಳನ್ನೂ ಬಿಟ್ಟೆ. ಬುಡದವರೆಗೆ ಪ್ಲಾಸ್ಟಿಕ್ ಸುತ್ತಿದರೆ ಮಳೆ ಒಳಗೆ ಹೋಗದು, ಸೌದೆಯ ಪಸೆ ಹೊರಗೂ ಬಾರದು. ಹಸಿಯಾಗಿ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಮೆ ಅರ್ಧ ನೀರೇ ಇರುತ್ತದೆ. ಅದು ಆರುವುದಕ್ಕೆ ಗಾಳಿ ಬೇಕು, ಕೆಲವು ತಿಂಗಳ ಕಾಲ ಬೇಕು. ಒಣಗಿದ ಸೌದೆಗೆ ಗೆದ್ದಲಿನ ಕಾಟ ಕಡಮೆ. ಒಲೆಯಲ್ಲಿ ಹೊಗೆಯೂ ಕಡಮೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಆ ಕಲ್ಲಿನ ಅಟ್ಟಣೆಯನ್ನು ಎರಡು ಅಂಕಣವಾಗಿ ಮಾಡಿದೆ. ಒಂದು ಅಂಕಣ ಪೂರ್ತಿ ಖಾಲಿಯಾಗದೆ ಅದಕ್ಕೆ ಹೊಸ ಸೌದೆ ಹಾಕುವಂತಿಲ್ಲ. ಹೊಸದು ಬಂದರೆ ಇನ್ನೊಂದು ಅಂಕಣಕ್ಕೆ. ಹೀಗಾಗಿ ವರ್ಷದಲ್ಲಿ ಎರಡು ಮೂರು ಬಾರಿಯಾದರೂ ಪ್ರತಿಯೊಂದು ಅಂಕಣ ಬರಿದಾಗುತ್ತದೆ, ಅಡಿಯ ನೆಲ ಪೊರಕೆಯನ್ನೂ ಬಿಸಿಲನ್ನೂ ಕಾಣುತ್ತದೆ. ಹಿಂದೆ ಹನ್ನೆರಡು ಜನರ ಹಸಿವು ಮಾಡುತ್ತಿದ್ದ ಕೆಲಸವನ್ನು ಈಗ ಈ ಕಟ್ಟುಪಾಡು ಮಾಡುತ್ತದೆ. ಒಟ್ಟಿಲು ಸದಾ ಕರಗುತ್ತಿರಬೇಕು. ಬಳಸುವುದಕ್ಕಿಂತ ಹೆಚ್ಚು ಕೂಡಿಡಬಾರದು.

ಇಪ್ಪತ್ತು ಅಡಿ ಜಾಗ ಎಲ್ಲಿ ತರೋಣ ಎಂದು ಚಿಕ್ಕ ನಿವೇಶನದವರು ಕೇಳಬಹುದು, ನ್ಯಾಯವಾದ ಪ್ರಶ್ನೆ. ಅಷ್ಟು ಇಲ್ಲದವರು ಇದ್ದಷ್ಟು ದೂರ ಇಡಲಿ. ಗೋಡೆಗೂ ಸೌದೆಗೂ ನಡುವೆ ಒಬ್ಬರು ಪೊರಕೆ ಹಿಡಿದು ಸಲೀಸಾಗಿ ಓಡಾಡುವಷ್ಟು ತೆರವಾದರೂ ಇರಲಿ. ಕಿಟಕಿ, ಬಾಗಿಲು, ಬಚ್ಚಲ ತೂಬುಗಳ ಬಳಿ ಮಾತ್ರ ಬೇಡ. ಮಲಗುವ ಕೋಣೆಯ ಹಿಂದೆ ಎಂದಿಗೂ ಬೇಡ. ಮನೆಯೊಳಕ್ಕೆ ಆ ಹೊತ್ತಿನ ಹಂಡೆಗೆ ಬೇಕಾದಷ್ಟನ್ನೇ ತನ್ನಿ. ತರುವ ಮೊದಲು ಒಂದಕ್ಕೊಂದು ತಟ್ಟಿ ಕೊಡವಿ. ರಾತ್ರಿಗೆ ಬೇಕಾದುದನ್ನು ಹಗಲಿನಲ್ಲಿಯೇ ತೆಗೆದಿಟ್ಟುಕೊಳ್ಳಿ. ಕತ್ತಲೆಯಲ್ಲಿ ಹೋಗಲೇಬೇಕಾದರೆ ಕಾಲಿಗೆ ಮೆಟ್ಟು, ಕೈಗೆ ಟಾರ್ಚು ಮತ್ತು ಕೋಲು. ನಮ್ಮ ತಾಯಿ ಹೇಳುತ್ತಿದ್ದ ತಟ್ಟುವ ಮಾತಿಗೆ ಕಾರಣವುಂಟು. ನಮ್ಮ ಕೂಗಾಟವನ್ನು ಹಾವು ಅಷ್ಟಾಗಿ ಗಣಿಸದು, ಆದರೆ ಸೌದೆಯಲ್ಲಿಯೂ ನೆಲದಲ್ಲಿಯೂ ಹರಿಯುವ ಅದುರನ್ನು ಅದರ ಮೈ ಚೆನ್ನಾಗಿ ಗ್ರಹಿಸುತ್ತದೆ.

ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಸೌದೆಯ ಮೇಲೆ ಕೀಟನಾಶಕವನ್ನು ಎರಚಬೇಡಿ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬಿ.ಎಚ್.ಸಿ. ಪುಡಿಯನ್ನು ಧಾರಾಳವಾಗಿ ಚೆಲ್ಲುತ್ತಿದ್ದರು. 1997ರಲ್ಲಿ ದೇಶದಲ್ಲಿ ಅದರ ಬಳಕೆಯನ್ನೇ ನಿಷೇಧಿಸಲಾಯಿತು. ಅದರ ಸ್ಥಾನದಲ್ಲಿ ಬಂದ ಔಷಧಗಳೂ ವಿಷವೇ. ಎರಚಿದ ವಿಷ ಸೌದೆಯ ಜೊತೆಗೆ ಒಲೆಗೆ ಬಂದು, ಹೊಗೆಯಾಗಿ ನಿಮ್ಮ ಮನೆಯವರ ಉಸಿರನ್ನು ಸೇರುತ್ತದೆ. ಎರಡನೆಯದು ತೆಂಗಿನ ತೋಟದವರಿಗೆ. ಸತ್ತ ತೆಂಗಿನ ಕಾಂಡವನ್ನು ತುಂಡುಮಾಡಿ, ಎಂದಾದರೂ ಉರಿಸೋಣವೆಂದು ಮೂಲೆಯಲ್ಲಿ ಕೊಳೆಯಲು ಬಿಡಬೇಡಿ. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ತಿಪ್ಪೆಗುಂಡಿಯಲ್ಲಿ ಮತ್ತು ಇಂಥ ಕೊಳೆತ ಕಾಂಡಗಳಲ್ಲಿ. ಸತ್ತ ಮರವನ್ನು ಉಳಿಸಿ ಬದುಕಿರುವ ಮರಗಳನ್ನು ಕಳೆದುಕೊಂಡಂತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಕಡಿತವಾದರೆ? ಹಾವಾದರೂ ಸರಿ, ಚೇಳಾದರೂ ಸರಿ, ಆಸ್ಪತ್ರೆಗೆ ಹೋಗಿ. ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈಯೋ ಕಾಲೋ ಮುರಿದಾಗ ಅಲುಗದಂತೆ ಇಡುವ ಹಾಗೆ ಇಟ್ಟು, 108ಕ್ಕೆ ಕರೆಮಾಡಿ ಇಲ್ಲವೆ ಸಿಕ್ಕಿದ ವಾಹನದಲ್ಲಿ ಕೂಡಲೆ ಹೊರಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದಿದೆ. ಕೆಂಪು ಚೇಳಿನ ಕಡಿತದಿಂದ ಮಕ್ಕಳ ಹೃದಯಕ್ಕೇ ಅಪಾಯವಾಗುತ್ತಿದ್ದ ಕಾಲವಿತ್ತು. ಮಹಾರಾಷ್ಟ್ರದ ಮಹಾಡದಲ್ಲಿ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಎಂಬ ಸಾಧಾರಣ ಮಾತ್ರೆಯಿಂದಲೇ ಅದನ್ನು ಎದುರಿಸಬಹುದೆಂದು ತೋರಿಸಿದರು. ಔಷಧವಿದೆ, ಬೇಕಾದುದು ಹೊತ್ತಿಗೆ ಸರಿಯಾಗಿ ತಲುಪುವುದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನ, ವರ್ಷಕ್ಕೆ 58,000. ಹೆಚ್ಚಿನವರು ಹಳ್ಳಿಯವರೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕಾದ ವಿಷಯವೆಂದು ಘೋಷಿಸಿತು. ಮುಳ್ಳು ಗೀರಿತೆಂದು ಸೆರಗಿನಲ್ಲಿ ಒರೆಸಿಕೊಂಡ ನಮ್ಮ ದೊಡ್ಡವ್ವ ಯಾವ ಲೆಕ್ಕದಲ್ಲಿಯೂ ಸೇರಲಿಲ್ಲ. ಆದುದರಿಂದ ಒಂದು ಮಾತನ್ನು ನೆನಪಿನಲ್ಲಿಡಿ. ಸೌದೆಯ ಒಟ್ಟಿಲಿನಲ್ಲಿ ಕೈಗೆ ಏನೋ ಗೀರಿ, ಗೀರಿದ್ದು ಏನೆಂದು ಕಣ್ಣಿಗೆ ಕಾಣದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ.

ನನ್ನ ಮಾತು ಮುಗಿಯುತ್ತ ಬಂತು. ಉಳಿದ ಹಾಳೆಗಳನ್ನು ನೆರಳಿನಲ್ಲಿ ಒಣಗಿಸಿ, ಬೇರೆ ಕಾಗದಕ್ಕೆ ಅಂಟಿಸಿ ಇಟ್ಟಿದ್ದೇನೆ. ಎಣಿಸಿದರೆ ಮೂವತ್ತೊಂದು. ಬೀರು ಈಗ ಗೋಡೆಯಿಂದ ಒಂದು ಗೇಣು ಈಚೆಗೆ, ಕಲ್ಲಿನ ಚಪ್ಪಡಿಯ ಮೇಲೆ ನಿಂತಿದೆ. ಪ್ರತಿ ಭಾನುವಾರ ಬೆಳಗ್ಗೆ ನಾನು ಟಾರ್ಚು ಹಿಡಿದು ಬೀರುವಿನ ಹಿಂಬದಿಯನ್ನು ನೋಡುತ್ತೇನೆ. ಆಮೇಲೆ ಹಿತ್ತಿಲಿಗೆ ಹೋಗಿ ಕಲ್ಲಿನ ಕಾಲುಗಳನ್ನು ನೋಡುತ್ತೇನೆ. ರಜದಲ್ಲಿ ಬಂದ ಮೊಮ್ಮಗಳು ಹಂಡೆಗೆ ಸೌದೆ ತರುತ್ತೇನೆಂದು ಹೊರಟರೆ ಬೇಡವೆನ್ನುವುದಿಲ್ಲ. ಕೋಲನ್ನು ಕೈಗೆ ಕೊಡುತ್ತೇನೆ. ಅವಳು ಮೊದಲು ತಟ್ಟುತ್ತಾಳೆ, ಒಂದು ಕ್ಷಣ ಕಾಯುತ್ತಾಳೆ, ಆಮೇಲೆ ಸೌದೆ ಮುಟ್ಟುತ್ತಾಳೆ.

ಈ ಭಾನುವಾರ ನೀವೂ ಒಮ್ಮೆ ನಿಮ್ಮ ಹಿತ್ತಿಲಿಗೆ ಹೋಗಿ, ಸೌದೆ ಎಲ್ಲಿದೆಯೆಂದು ನೋಡಿ ಬನ್ನಿ. ಗೋಡೆಗೆ ಒರಗಿದ್ದರೆ ಹಗಲಿರುವಾಗಲೇ ಸರಿಸಿ.